ಕುಡಿತ ಬಿಡಿಸೋಕೆ ಬೇರು-ನಾರು: ಆಗುತ್ತಾ, ಆಗಲ್ವಾ?

ಪರ

ತುಮಕೂರು ಕಡೆ ಗಿಡಮೂಲಿಕೆ ಅಂದ ತಕ್ಷಣ ಜನ ಸಿದ್ಧರಬೆಟ್ಟದ ಹೆಸರು ಹೇಳುತ್ತಾರೆ. ಆದರೆ ಗಿಡದ ಸಾರದಿಂದ ಕುಡಿತ ಬಿಡಿಸಬಹುದು ಅಂದರೆ ಮಾತ್ರ ಓದಿದವರು ನಗುತ್ತಾರೆ. ಯಾಕೆ ನಗಬೇಕು? ಕುಡಿತದ ಚಟಕ್ಕೆ ಡಾಕ್ಟರು ಬರೆದುಕೊಡುವ ನಾಲ್ಟ್ರೆಕ್ಸೋನ್ ಮಾತ್ರೆಯ ಮೂಲವೇ ಅಫೀಮು ಗಿಡ. ಅದರಲ್ಲಿರುವ ಥಿಬೇನ್ ಎಂಬ ವಸ್ತುವಿನಿಂದ ಈ ಮಾತ್ರೆ ತಯಾರಾಗುತ್ತದೆ. ಬಿಪಿಗೆ ಕೊಡುತ್ತಿದ್ದ ರೆಸರ್ಪಿನ್ ಬಂದದ್ದು ನಮ್ಮ ಸರ್ಪಗಂಧದ ಬೇರಿನಿಂದ.

ಚೀನಾದವರು ಕುಡುಕರಿಗೆ ಕುಡ್ಜು ಬಳ್ಳಿಯ ಬೇರು ಕೊಡುವುದು ಹಳೆಯ ರೂಢಿ. 1993ರಲ್ಲಿ ಕೆಯುಂಗ್ ಮತ್ತು ವ್ಯಾಲಿ ಎಂಬ ಅಮೆರಿಕದ ವಿಜ್ಞಾನಿಗಳು ಆ ಬೇರಿನ ಡೈಡ್ಜಿನ್ ಅಂಶವನ್ನು ಇಲಿಯಂಥ ಪ್ರಾಣಿ ಹ್ಯಾಮ್‌ಸ್ಟರ್‌ಗಳಿಗೆ ಕೊಟ್ಟು ನೋಡಿದರು. ಅವು ಮದ್ಯ ಕುಡಿಯುವುದು ಬಹಳ ಕಡಿಮೆಯಾಯಿತು. 2005ರಲ್ಲಿ ಬೋಸ್ಟನ್ ಹತ್ತಿರ ಜಾಸ್ತಿ ಕುಡಿಯುವ 14 ಜನರ ಮೇಲೆ ಇದೇ ಬೇರಿನ ಸಾರ ಪರೀಕ್ಷಿಸಿದರು. ಮನೆಯಂತಹ ಜಾಗದಲ್ಲಿ ಕೂರಿಸಿ, ಬಿಯರ್ ಎದುರಿಗೇ ಇಟ್ಟು, ಯಾರು ಎಷ್ಟು ಕುಡೀತಾರೆ ಅಂತ ನೋಡುತ್ತಾ ಇದ್ದರು. ಸಾರ ತೆಗೆದುಕೊಂಡವರು ಸಣ್ಣ ಸಣ್ಣ ಗುಟುಕು ಹಾಕಿದರು, ಒಟ್ಟಾರೆ ಕುಡಿದದ್ದೂ ಕಡಿಮೆ.

ನಮ್ಮ ವಿದಾರಿಕಂದ, ಅಂದರೆ ನೆಲಗುಂಬಳದ ಗೆಡ್ಡೆ, ಅದೇ ಕುಲದ ಬಳ್ಳಿ. ಅದನ್ನೂ ಪರೀಕ್ಷೆಗೆ ಹಚ್ಚಬೇಕಲ್ವಾ?

ಇನ್ನೊಂದು ಮಾತು. ಪಾವಗಡದ ಹಳ್ಳಿಯವನಿಗೆ ಮಾನಸಿಕ ಡಾಕ್ಟರ ಹತ್ತಿರ ಹೋಗು ಅಂದರೆ 'ನನಗೇನು ಹುಚ್ಚಾ?' ಅಂತಾನೆ. ನಾಟಿ ಪಂಡಿತರ ಹತ್ತಿರ ಆದರೆ ಹೆಂಡತಿ ಜೊತೆ ಬಸ್ಸು ಹತ್ತಿ ಹೋಗುತ್ತಾನೆ. ಆ ನಂಬಿಕೆಯನ್ನು ಸುಮ್ನೆ ಕಳೆದುಕೊಳ್ಳೋದು ಯಾಕೆ?

ವಿರೋಧ

ಹ್ಯಾಮ್‌ಸ್ಟರ್‌ಗೆ ಸಾಲದ ಕಾಟ ಇಲ್ಲ, ಸಂಜೆ ಆದರೆ 'ಬಾರೋ ಒಂದು ಕ್ವಾರ್ಟರ್ ಹಾಕೋಣ' ಅನ್ನುವ ಗೆಳೆಯರೂ ಇಲ್ಲ. ಬೋಸ್ಟನ್ ಪರೀಕ್ಷೆಯಲ್ಲಿ ಸಾರ ಕೊಟ್ಟದ್ದು ಒಂದೇ ವಾರ, ಕುಡಿಯಬೇಕು ಅನ್ನುವ ಚಪಲ ಅದರಿಂದ ಕಡಿಮೆಯಾಗಲಿಲ್ಲ. 2000ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಕುಡಿತದ ಚಟವಿದ್ದ 38 ಜನರಲ್ಲಿ ಕೆಲವರಿಗೆ ಕುಡ್ಜು, ಉಳಿದವರಿಗೆ ಬರೀ ಹುಸಿಮಾತ್ರೆ ಕೊಟ್ಟರು. ತಿಂಗಳು ಕಳೆದರೂ ವ್ಯತ್ಯಾಸ ಕಾಣಲಿಲ್ಲ. ನಾಲ್ಟ್ರೆಕ್ಸೋನ್ ಗಿಡದಿಂದ ಬಂತು, ನಿಜ. ಆದರೆ ಲ್ಯಾಬಿನಲ್ಲಿ ರೂಪ ಬದಲಾಗಿ, ಪರೀಕ್ಷೆಗಳನ್ನೆಲ್ಲ ದಾಟಿ ಬಂತು. ಅಫೀಮು ಅರೆದು ಕೊಟ್ಟರೆ ಆಗುತ್ತದಾ?

ನನ್ನ ಸಿಟ್ಟು ಗಿಡದ ಮೇಲಲ್ಲ, ಗೋಡೆ ಮೇಲಿನ ಜಾಹೀರಾತಿನ ಮೇಲೆ. 'ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಿ' ಅಂತಾರಲ್ಲ, ಆ ಪುಡಿಯಲ್ಲಿ ಏನಿದೆ? ಅದಕ್ಕೆ ಡೈಸಲ್ಫಿರಾಮ್ (ಕುಡಿದರೆ ಮೈಗೆ ಆಗದಂತೆ ಮಾಡುವ ಔಷಧಿ) ಮಾತ್ರೆ ಅರೆದು ಸೇರಿಸಿದ್ದರೆ, ಅದನ್ನು ತಿಂದವನು ವಿಷಯ ಗೊತ್ತಿಲ್ಲದೆ ಮೇಲೊಂದು ಪೆಗ್ ಹಾಕಿದರೆ, ವಾಂತಿ, ಎದೆಬಡಿತ, ಬಿಪಿ ಕುಸಿತ ಎಲ್ಲ ಒಟ್ಟಿಗೆ ಬಂದು ಜೀವಕ್ಕೇ ಕುತ್ತು. ತಮಾಷೆ ಅಂದರೆ ಆಯುರ್ವೇದದ ಅರಿಷ್ಟಗಳಲ್ಲೂ ಹುದುಗಿನಿಂದ ಹುಟ್ಟಿದ ಆಲ್ಕೋಹಾಲ್ ಇರುತ್ತದೆ, ಡೈಸಲ್ಫಿರಾಮ್ ನುಂಗುವವನಿಗೆ ಅದೂ ಆಗದು. ಮೊದಲೇ ಲಿವರ್ ಕೆಟ್ಟಿರುವವನಿಗೆ ಹೆಸರಿಲ್ಲದ ಬೇರಿನ ಕಾಟ ಬೇರೆ!

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ವರ್ಷಗಟ್ಟಲೆ ದಿನಾ ಕುಡಿದವನು ಪುಡಿ ನಂಬಿಕೊಂಡು ಒಂದೇ ಸಲ ನಿಲ್ಲಿಸಿದರೆ ಮೊದಲು ಕೈ ನಡುಕ, ಆಮೇಲೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣಿಸಿ ಕೂಗಾಡುವ ಸ್ಥಿತಿಯೂ ಬರಬಹುದು. 'ದೆವ್ವ ಮೆಟ್ಟಿಕೊಂಡಿದೆ' ಅಂತ ದೇವಸ್ಥಾನಕ್ಕೆ ಎಳೆದೊಯ್ಯುವ ಹೊತ್ತಿನಲ್ಲಿ ಅವನಿಗೆ ಬೇಕಾದದ್ದು ಆಸ್ಪತ್ರೆ ಬೆಡ್ಡು ಮತ್ತು ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್.

ಆಸ್ಪತ್ರೆಗೆ ಬರಲು ನಾಚಿಕೆ ಅನ್ನುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಇದೆ, ಫೋನಿಗೆ ದುಡ್ಡಿಲ್ಲ. ಪಂಡಿತರೇ ಬೇಕು ಅಂದರೆ ಹೋಗಿ. ಪುಡಿಯಲ್ಲಿ ಏನೇನು ಹಾಕಿದ್ದೀರಿ ಅಂತ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ, ಆ ಚೀಟಿ ಡಾಕ್ಟರಿಗೆ ತೋರಿಸಿ. ಬರೆದು ಕೊಡಲ್ಲ ಅಂದರೆ ದುಡ್ಡು ಕೊಡದೆ ಎದ್ದು ಬನ್ನಿ.