ಧ್ವನಿತಂತಿನ ಗಂಟು ಕಷಾಯಕ್ಕೆ ಕರಗುತ್ತದೆಯೇ?

ದನಿ ಕಟ್ಟಿದರೆ ಶುಂಠಿ-ಮೆಣಸಿನ ಕಷಾಯ ಕುಡಿಯಿರಿ, ಧ್ವನಿತಂತು ತೊಳೆದು ಗಂಟು ಕರಗುತ್ತದೆ, ಡಾಕ್ಟರ್ ಬೇಡ ಎನ್ನುವ ಮೆಸೇಜು ಆಗಾಗ ಬರುತ್ತಿರುತ್ತದೆ. ಕಳಿಸುವವರದ್ದು ಒಳ್ಳೆಯ ಮನಸ್ಸೇ. ಆದರೆ ವಿಷಯ ಸರಿಯಿಲ್ಲ.

ಕುಡಿದದ್ದು ಧ್ವನಿತಂತಿನ ಕಡೆ ಹೋಗುವುದೇ ಇಲ್ಲ. ಧ್ವನಿತಂತು ಇರುವುದು ಕುತ್ತಿಗೆಯ ಮುಂದಿನ ಉಬ್ಬಿನ ಒಳಗೆ, ಉಸಿರಿನ ದಾರಿಯಲ್ಲಿ. ಆ ಉಬ್ಬಿನ ಮೇಲೆ ಬೆರಳಿಟ್ಟು ಎಂಜಲು ನುಂಗಿ ನೋಡಿ. ಅದು ಮೇಲೆದ್ದು ಇಳಿಯುತ್ತದೆ. ಆ ಹೊತ್ತಿಗೆ ಒಳಗೆ ಎಲೆಯಾಕಾರದ ಮುಚ್ಚಳ ಬಾಗುತ್ತದೆ, ಧ್ವನಿತಂತುಗಳೂ ಕೂಡಿಕೊಂಡು ಉಸಿರಿನ ದಾರಿ ಮುಚ್ಚುತ್ತವೆ. ಕಷಾಯ ಹಿಂದಿರುವ ಅನ್ನನಾಳಕ್ಕೆ ಇಳಿಯುತ್ತದೆ. ಒಂದು ಹನಿ ದಾರಿ ತಪ್ಪಿದರೂ ನೆತ್ತಿಗೆ ಹತ್ತಿ ಕೆಮ್ಮುತ್ತೇವೆ, ಅಲ್ವಾ?

ಬೆಚ್ಚಗಿನ ಕಷಾಯ ಗಂಟಲಿಗೆ ಹಿತ, ಕುಡಿಯಿರಿ. ಶೀತಕ್ಕೆ ಕಟ್ಟಿದ ದನಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿಯೇ ಬಿಡುತ್ತದೆ. ಹೆಸರು ಮಾತ್ರ ಕಷಾಯಕ್ಕೆ! ಜಾಸ್ತಿ ಕೂಗಿ ಮಾತಾಡುವ ಮೇಷ್ಟ್ರುಗಳಿಗೆ, ಹಾಡುಗಾರರಿಗೆ ಬರುವ ಗಂಟಿಗೆ ಮೊದಲ ಚಿಕಿತ್ಸೆ ವಾಯ್ಸ್ ಥೆರಪಿ, ಅಂದರೆ ದನಿಗೆ ಪೆಟ್ಟಾಗದಂತೆ ಮಾತಾಡುವುದನ್ನು ಕಲಿಸುವ ತರಬೇತಿ.

ನನಗೆ ಭಯ ಇರುವುದು ತಡವಾಗುವುದರ ಬಗ್ಗೆ. 3-4 ವಾರವಾದರೂ ದನಿ ಸರಿಯಾಗದಿದ್ದರೆ, ಅದರಲ್ಲೂ ಬೀಡಿ, ಸಿಗರೇಟು ಸೇದುವವರಾದರೆ, ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಲೇಬೇಕು. ಸಣ್ಣ ಕ್ಯಾಮೆರಾ ಇಳಿಸಿ ಕೆಲವೇ ನಿಮಿಷದಲ್ಲಿ ನೋಡುತ್ತಾರೆ. ಧ್ವನಿತಂತಿನ ಕ್ಯಾನ್ಸರ್ ಬೇಗ ಸಿಕ್ಕರೆ ರೇಡಿಯೇಷನ್ ಅಥವಾ ಲೇಸರ್‌ನಿಂದ ಬಹುತೇಕ ವಾಸಿಯಾಗುತ್ತದೆ, ದನಿಯೂ ಉಳಿಯುತ್ತದೆ.

ಇಂಥ ಮೆಸೇಜು ಬಂದಾಗ ಎರಡು ಕೇಳಿಕೊಳ್ಳಿ: ಈ ಮದ್ದು ಆ ಜಾಗಕ್ಕೆ ಯಾವ ದಾರಿಯಲ್ಲಿ ತಲುಪುತ್ತದೆ? ಡಾಕ್ಟರ್ ಬೇಡ ಅಂತ ಯಾಕೆ ಹೇಳುತ್ತಿದೆ? ಉತ್ತರ ಸಿಗದಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಆಮೇಲೆ ಬೇರೆಯವರಿಗೆ ಕಳಿಸಿ.