ಅಪ್ಪ ಹಿಂಡದೇ ಒಣಗಹಾಕಿದ ಟವೆಲ್

ಹಿತ್ತಲ ತಂತಿ ಮೇಲೆ ಅಪ್ಪ ಹಾಕಿದ್ದ ಟವೆಲ್‌ನಿಂದ ನೀರು ಧಾರೆಯಾಗಿ ಸುರೀತಿತ್ತು. ನಲವತ್ತು ವರ್ಷ ಕಬ್ಬು ಕಡಿದ ಕೈ ಅದು. ಅವತ್ತು ಒಂದು ಟವೆಲ್ ಹಿಂಡೋಕೆ ಆಗಿರಲಿಲ್ಲ. "ಏನಪ್ಪ ಇದು?" ಅಂದೆ. "ವಯಸ್ಸಾಯ್ತು ಬುಡವ್ವ" ಅಂದು ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದರು.

ಅದಕ್ಕೆ ಎರಡು ತಿಂಗಳ ಹಿಂದೆ ನ್ಯುಮೋನಿಯಾ ಆಗಿ ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ಜ್ವರ ಬಿಟ್ಟಿತು, ಮನೆಗೆ ಕಳಿಸಿದರು. "ಚೆನ್ನಾಗಿ ರೆಸ್ಟ್ ಮಾಡಿಸಿ" ಅಂದದ್ದು ಬಿಟ್ಟರೆ ಬೇರೇನೂ ಹೇಳಲಿಲ್ಲ. ನಾವೂ ಅದನ್ನೇ ಪ್ರೀತಿಯಿಂದ ಮಾಡಿದೆವು. ನೀರಿನ ಚೊಂಬು ಕೈಗೆ, ತಟ್ಟೆ ಮಂಚಕ್ಕೆ. ಎದ್ದರೆ ಅವ್ವ ಗದರೋಳು.

2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಣ್ಣ ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಇರಿಸಿದ್ದರು. ಅಷ್ಟರಲ್ಲೇ ಕಾಲುಗಳಿಂದ ಹೆಚ್ಚುಕಡಿಮೆ 1 ಕೆ.ಜಿ. ಮಾಂಸಖಂಡ ಕರಗಿತ್ತು. ಅಪ್ಪನಿಗೆ ಹನ್ನೊಂದು ದಿನ, ಮೇಲೆ ಸೋಂಕು ಬೇರೆ. ಸೋಂಕಿನ ವಿರುದ್ಧ ಮೈ ಹೋರಾಡುವಾಗ ಆಗೋ ಉರಿಯೂತ ಸ್ನಾಯುವನ್ನು ತಿನ್ನುತ್ತೆ. ಅದೇ ಉರಿಯೂತ ಮಿದುಳಿನ ಮೇಲೂ ಕೆಲಸ ಮಾಡಿ ಹಸಿವು, ಆಸಕ್ತಿ ಎಲ್ಲವನ್ನೂ ತಗ್ಗಿಸುತ್ತೆ, ನಿದ್ದೆ ಕೆಡಿಸುತ್ತೆ. ಮನಸ್ಸಿಲ್ಲ ಅಂತ ಏಳಲ್ಲ, ಏಳದೇ ಇದ್ದರೆ ಸ್ನಾಯು ಇನ್ನಷ್ಟು ಸೊರಗುತ್ತೆ, ಕಾಲು ನಡುಗಿದಾಗ ಬೀಳೋ ಭಯ. ಆಮೇಲೆ ಅರಳಿಕಟ್ಟೆಗೂ ಹೋಗಲ್ಲ, ಮಾತಾಡೋಕೆ ಜನವೂ ಇಲ್ಲ.

ನಮ್ಮೂರಲ್ಲಿ ಯಾರೂ "ನನಗೆ ಖಿನ್ನತೆ" ಅನ್ನಲ್ಲ. ಮೈ ಕೈ ನೋವು ಅಂತಾರೆ, ಯಾಕೋ ಊಟ ಸೇರ್ತಿಲ್ಲ ಅಂತಾರೆ. ಅಪ್ಪ ಒಂದು ದಿನವೂ ಅಳಲಿಲ್ಲ. ಚಾನಲ್‌ಗೆ (ಗದ್ದೆಗೆ ನೀರು ತರೋ ನಾಲೆಗೆ) ನೀರು ಬಿಟ್ಟವ್ರಾ ಅಂತ ಕೇಳೋದನ್ನ ನಿಲ್ಲಿಸಿದ್ದರು, ಅಷ್ಟೇ. ನನಗೆ ಅದು ತಡವಾಗಿ ಹೊಳೀತು.

ಮೈಸೂರಿಗೆ ಕರ್ಕೊಂಡು ಬಂದು ವೃದ್ಧರ ವೈದ್ಯರೊಬ್ಬರಿಗೆ ತೋರಿಸಿದೆ. ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಿ ಅಂದರು. ಅದಕ್ಕೆ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಸ್ನಾಯು ಸವೆತದ ಅನುಮಾನ ಪಡಬೇಕಂತೆ. ಅಪ್ಪ ಮೂರನೇ ಸಲಕ್ಕೆ ಮಂಡಿ ಮೇಲೆ ಕೈ ಊರಿದರು. ಆಮೇಲೆ ಹೌದು–ಇಲ್ಲ ಅನ್ನೋ ಹದಿನೈದು ಪ್ರಶ್ನೆ. ಮೊದಲು ಆಸಕ್ತಿ ಇದ್ದ ಎಷ್ಟೋ ಕೆಲಸ ಬಿಟ್ಟಿದ್ದೀರಾ ಅಂದಾಗ ತುಂಬಾ ಹೊತ್ತು ಸುಮ್ಮನಿದ್ದು "ಹೂಂ" ಅಂದರು. ಒಬ್ಬರೇ ಡಾಕ್ಟರು ಕಾಲನ್ನೂ ಮನಸ್ಸನ್ನೂ ಒಟ್ಟಿಗೆ ನೋಡಿದ್ದು ಅದೇ ಮೊದಲು.

ಖಿನ್ನತೆಗೆ ಮಾತ್ರೆ ಕೊಟ್ಟರು. ನೆಂಟರೊಬ್ಬರು ಅದನ್ನ ಹುಚ್ಚಿನ ಮಾತ್ರೆ ಅಂದರು. ನಾನು ಜಗಳಾನೇ ಆಡಿದೆ. ಜ್ವರಕ್ಕೆ ಮಾತ್ರೆ ನುಂಗಿದಾಗ ಇಲ್ಲದ ನಾಚಿಕೆ ಇದಕ್ಕೆ ಯಾಕೆ?

ಇನ್ನು ಊಟ. ಮುದ್ದೆ ತಿಂದೋರು ಗಟ್ಟಿ ಅಂತ ನಾವು ನಂಬಿದ್ದೀವಿ. 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ ಅಷ್ಟೇ. ವಯಸ್ಸಾದವರಿಗೆ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು (ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಕೊಡಬೇಕು). ಹಲ್ಲು ಹೋದ ಮೇಲೆ ಅಪ್ಪ ಬಸ್ಸಾರಲ್ಲಿ ಸಾರನ್ನಷ್ಟೇ ಸುರ್ಕೊಂಡು ಕಾಳಿನ ಪಲ್ಯ ಪಕ್ಕಕ್ಕೆ ತಳ್ತಿದ್ದರು. ನಾವು ಯಾರೂ ತಟ್ಟೆ ನೋಡಿರಲಿಲ್ಲ. ಈಗ ಅವ್ವ ಕಾಳನ್ನ ಮೆತ್ತಗೆ ಬೇಯಿಸಿ ಮಸೆದು ಹಾಕ್ತಾಳೆ, ಜೊತೆಗೆ ಎರಡು ಮೊಟ್ಟೆ, ರಾತ್ರಿ ಒಂದು ಲೋಟ ಹಾಲು.

ವ್ಯಾಯಾಮ ಅಂದರೆ ಅದೇ ಕುರ್ಚಿ. ಬೆಳಿಗ್ಗೆ ಸಂಜೆ ಎದ್ದು ಕೂರೋದು, ಗೋಡೆಗೆ ಕೈಕೊಟ್ಟು ತಳ್ಳೋದು. ಮೊದಲ ವಾರ ಬೈಕೊಂಡೇ ಮಾಡಿದರು. ನಿಮ್ಮ ಮನೆಯಲ್ಲೂ ಆಸ್ಪತ್ರೆಯಿಂದ ಬಂದ ಹಿರಿಯರಿದ್ದರೆ ಡಿಸ್ಚಾರ್ಜ್ ದಿನವೇ ಕೇಳಿ: ಯಾವಾಗಿಂದ ನಡೆಸಬೇಕು, ಫಿಸಿಯೋಥೆರಪಿ ಬೇಕಾ, ಏನು ತಿನ್ನಿಸಬೇಕು? ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಐದು ತಿಂಗಳಾಯ್ತು. ಮಾತೇ ಆಡದ ದಿನಗಳು ಈಗಲೂ ಇವೆ. ಮೊನ್ನೆ ಭಾನುವಾರ ಊರಿಗೆ ಹೋದಾಗ ಮನೆಯಲ್ಲಿ ಇರಲಿಲ್ಲ. ಅವ್ವ ಅಂದಳು, "ಕೋಲು ತಕ್ಕೊಂಡು ಚಾನಲ್ ತಾವ್ಕೆ ಹೋಗವ್ರೆ ಕಣವ್ವ, ನೀರು ಬಂತಾ ನೋಡೋಕೆ."