ಗುಳ್ಳೆಗೆ 40, ಸಕ್ಕರೆಗೆ 5

ಮಳೆ ಬಿಟ್ಟ ಮಧ್ಯಾಹ್ನ ಶಿವಮೊಗ್ಗದ ಗೋಪಿ ಸರ್ಕಲ್ ಹತ್ತಿರ ಒಂದು ಅಂಗಡಿಗೆ ಹೋದೆ. ಶುಗರ್ ಬಾರ್ಡರ್‌ನಲ್ಲಿದೆ ಅಂತ ಡಾಕ್ಟರು ಹೆದರಿಸಿದ್ದರು. ಹಾಗಾಗಿ ಸಕ್ಕರೆ ಇಲ್ಲದ ಕೋಲಾ ಕೇಳಿದೆ.

"ಅದಕ್ಕೆ 40 ಪರ್ಸೆಂಟ್ ಟ್ಯಾಕ್ಸು ಸಾರ್. ಮಾವಿನ ಡ್ರಿಂಕ್ ತಗೊಳ್ಳಿ, ಬರೀ 5" ಅಂದ ಅಂಗಡಿಯವ.

ಬಾಟಲಿ ತಿರುಗಿಸಿ, ಕನ್ನಡಕ ಹಣೆಗೇರಿಸಿ ಓದಿದೆ. ಮೊದಲು ನೀರು, ಆಮೇಲೆ ಮಾವಿನ ತಿರುಳು, ಅದರ ಬೆನ್ನಿಗೇ ಸಕ್ಕರೆ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಲೆಕ್ಕ ಇದೇ. ಗ್ಯಾಸ್ ತುಂಬಿದ ಸಿಹಿ ಪಾನೀಯಕ್ಕೆ 40, ಸಕ್ಕರೆ ಇರಲಿ ಬಿಡಲಿ. ಗ್ಯಾಸ್ ಇಲ್ಲದ ಹಣ್ಣಿನ ಪಾನೀಯ 12ರಿಂದ 5ಕ್ಕೆ ಇಳಿಯಿತು. ಚಾಕೊಲೇಟು, ಬಿಸ್ಕತ್ತು 18ರಿಂದ 5ಕ್ಕೆ. 2026ರ ಫೆಬ್ರವರಿಯಿಂದ ಬೀಡಿ ಕೂಡ 28ರಿಂದ 18ಕ್ಕೆ! ಅಂದರೆ ದೇಶದ ದೊಡ್ಡ ಕಾಯಿಲೆ ಯಾವುದು? ತೇಗು.

(ಅಡಿಕೆಗೂ 5. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಈ ವಿಷಯ ಇಲ್ಲಿಗೇ ಬಿಡುತ್ತೇನೆ. ನಮ್ಮ ಮಾವನ ತೋಟ ತೀರ್ಥಹಳ್ಳಿಯಲ್ಲಿದೆ.)

ಬ್ರಿಟನ್‌ನವರು 2018ರಲ್ಲಿ ಗುಳ್ಳೆ ಎಣಿಸಲಿಲ್ಲ, ಸಕ್ಕರೆ ಅಳೆದರು. 100 ಮಿ.ಲೀ.ಗೆ 5 ಗ್ರಾಂ ಮುಟ್ಟಿದರೆ ತೆರಿಗೆ, 8 ಮುಟ್ಟಿದರೆ ಇನ್ನೂ ಜಾಸ್ತಿ. ಕಂಪನಿಗಳು ತೆರಿಗೆ ತಪ್ಪಿಸಿಕೊಳ್ಳಲು ತಾವಾಗಿಯೇ ಸಕ್ಕರೆ ಕಮ್ಮಿ ಮಾಡಿದವು. ಮೆಕ್ಸಿಕೊ 2014ರಲ್ಲಿ ಲೀಟರಿಗೆ 1 ಪೆಸೊ ಹಾಕಿತು, ಮೊದಲ ವರ್ಷ ಖರೀದಿ ಸುಮಾರು 6 ಪರ್ಸೆಂಟ್ ಇಳಿಯಿತು. ಇದಕ್ಕೆಲ್ಲ ಮಾಡೆಲ್ ಕಟ್ಟುವ ಪಂಡಿತರಿದ್ದಾರೆ. ಬೆಲೆ ಏರಿದರೆ ಎಷ್ಟು ಜನ ಕುಡಿಯೋದು ಬಿಡುತ್ತಾರೆ, ಎಷ್ಟು ಜನಕ್ಕೆ ಸಕ್ಕರೆ ಕಾಯಿಲೆ ತಪ್ಪುತ್ತದೆ, ಆಸ್ಪತ್ರೆ ಖರ್ಚು ಎಷ್ಟು ಉಳಿಯುತ್ತದೆ, ಎಲ್ಲ ಲೆಕ್ಕ ಹಾಕುತ್ತಾರೆ. ಆದರೆ ಅದನ್ನು ಬಿಟ್ಟವರು ಬದಲಿಗೆ ಏನು ಕುಡಿಯುತ್ತಾರೆ ಅನ್ನೋದೇ ಇಡೀ ಮಾಡೆಲ್‌ನ ಬೆನ್ನುಮೂಳೆ. ಡೆನ್ಮಾರ್ಕ್ 2011ರಲ್ಲಿ ಕೊಬ್ಬಿಗೆ ತೆರಿಗೆ ಹಾಕಿತು. ಜನ ಗಡಿ ದಾಟಿ ಜರ್ಮನಿಗೆ ಹೋಗಿ ಬೆಣ್ಣೆ ತಂದರು. 2013ರ ಹೊಸ ವರ್ಷಕ್ಕೆ ತೆರಿಗೆಯೇ ಮಾಯ. ನಮಗೆ ಆಗುಂಬೆ ಘಾಟಿ ಇಳಿಯುವ ಕಷ್ಟವೂ ಇಲ್ಲ. ಅದೇ ಫ್ರಿಜ್ಜು, ಕೆಳಗಿನ ಶೆಲ್ಫು.

ನಾನು ಎರಡು ಬಾಟಲಿ ಹಿಡಿದು ಯೋಚಿಸುತ್ತಲೇ ಇದ್ದೆ. ಅಂಗಡಿಯವನಿಗೆ ಕರುಣೆ ಬಂತು. ಸಾದಾ ಸೋಡಾ ತೆಗೆದ. ಸಿಹಿ, ಫ್ಲೇವರು ಇಲ್ಲದಿದ್ದರೆ ಸೋಡಾಕ್ಕೂ 5. ಗ್ಲಾಸಿಗೆ ಅರ್ಧ ಮಾವಿನ ಡ್ರಿಂಕ್ ಬಗ್ಗಿಸಿ, ಮೇಲೆ ಸೋಡಾ ಸುರಿದ. ಬುಸ್ಸಂತ ನೊರೆ ಎದ್ದು ಅಂಚು ದಾಟಿ ಅವನ ಕ್ಯಾಲ್ಕುಲೇಟರ್ ಮೇಲೆ ಇಳಿಯಿತು.

"ಗ್ಯಾಸೂ ಬಂತು, ಸಕ್ಕರೆನೂ ಬಂತು. 40 ಪರ್ಸೆಂಟ್ ಮಾತ್ರ ಬರಲಿಲ್ಲ ನೋಡಿ!"

ಕುಡಿದೆ. ದೊಡ್ಡದೊಂದು ತೇಗು ಬಂತು. ತಕ್ಷಣ ಆಚೀಚೆ ನೋಡಿದೆ, ಯಾರಾದರೂ ರಸೀದಿ ಹರಿದುಬಿಟ್ಟಾರು ಅಂತ.